ತನಿಯನ ಮಗಳು

ಬಿನ್ ಮಹಮೂದ್, ದೋಹಾ
3 ಆಗಸ್ಟ್ 2025

ಸಂಕಪ್ಪನವರಿಗೆ,

ಫೋನ್ ಮಾಡಬೇಡ, ಮೆಸೇಜ್ ಹಾಕಬೇಡ, ಹೇಳುವುದಿದ್ದರೆ ಕಾಗದದಲ್ಲಿ ಬರೆದು ನಮ್ಮೂರಿನ ಲಾಯ್ಡ್‌ನ ಟೈಪಿಂಗ್ ಸೆಂಟರಿನಲ್ಲಿ ಕೊಟ್ಟು ಹೋಗು ಎಂದು ಎರಡು ವರ್ಷದ ಹಿಂದೆ ಹೇಳಿದವರು ನೀವು. ನಿಮ್ಮ ಫೋನನ್ನು ಹೆಂಡತಿ ಅಮಿತಾ ನೋಡುತ್ತಾರೆ, ಮಗ ಕೃತಿಕ್ ನೋಡುತ್ತಾನೆ, ಕಾಗದವನ್ನು ಯಾರೂ ನೋಡುವುದಿಲ್ಲ ಎಂಬ ಧೈರ್ಯ ನಿಮ್ಮದು. ಆಗಲಿ. ಕಾಗದದಲ್ಲಾದರೆ ನನಗೂ ಬೈಯಲು ಹೆಚ್ಚು ಜಾಗ ಸಿಗುತ್ತದೆ.

ನಾಗರಪಂಚಮಿಯ ಮರುದಿನ ಊರಿನವರ ವಾಟ್ಸಾಪ್ ಗುಂಪಿನಲ್ಲಿ ನೀವು ಹಾಕಿದ ಪಟ್ಟಿ ನೋಡಿದೆ. ನಿಮ್ಮ ಕುಟುಂಬದ ನಾಗಬನದ ಜೀರ್ಣೋದ್ಧಾರ, ನವೆಂಬರ್ ಹನ್ನೆರಡಕ್ಕೆ ಹೊಸ ಕಲ್ಲಿನ ಪ್ರತಿಷ್ಠೆ, ಆಶ್ಲೇಷಾ ಬಲಿ. ಕತಾರಿನಲ್ಲಿರುವ ಕುಟುಂಬದವರ ಹೆಸರು, ನಕ್ಷತ್ರಗಳನ್ನು ಊರಿನಲ್ಲಿ ಭಟ್ಟರು ಸಂಕಲ್ಪದ ಹೊತ್ತಿಗೆ ಒಂದೊಂದಾಗಿ ಓದುತ್ತಾರೆ, ಇಲ್ಲಿಯವರು ಅಲ್ ಗರಾಫಾದ ನಿಮ್ಮ ಮನೆಯ ಹಾಲ್‌ನಲ್ಲಿ ಕುಳಿತು ಟಿವಿಯಲ್ಲಿ ನೋಡಬಹುದು ಎಂದು ಸೂಚನೆ. ಅದರ ಕೆಳಗೆ ದೋಹಾ ಸಂಚಾಲಕರು ಎಂದು ನಿಮ್ಮ ಹೆಸರು. ಒಟ್ಟು ನಲವತ್ತಮೂರು ಮಂದಿ. ಕೃತಿಕ್‌ಗೆ ನೋಡಿಟ್ಟ ಹುಡುಗಿಯ ಹೆಸರೂ ಇದೆ, ಅವರ ನಿಶ್ಚಿತಾರ್ಥವೇ ಇನ್ನೂ ಆಗಿಲ್ಲ. ಯಾರದೋ ಹೊಟ್ಟೆಯಲ್ಲಿರುವ ಮಗುವಿಗೂ ಗರ್ಭಸ್ಥ ಶಿಶು ಎಂದು ಒಂದು ಸಾಲು ಕೊಟ್ಟಿದ್ದೀರಿ. ಮೂವತ್ತೊಂದು ವರ್ಷದ ಹಿಂದೆ ನಿಮಗೆ ಹುಟ್ಟಿದ ನಾನು ಮಾತ್ರ ಆ ಪಟ್ಟಿಯಲ್ಲಿಲ್ಲ.

ನಮ್ಮಲ್ಲಿ ದೈವ ತಾಯಿಯ ಕಡೆಯದು, ನಾಗ ತಂದೆಯ ಕಡೆಯದು. ಅಮ್ಮನ ಮನೆಯ ದೈವಕ್ಕೆ ನಾನು ವರ್ಷ ವರ್ಷವೂ ಕೈ ಮುಗಿದಿದ್ದೇನೆ, ಯಾರೂ ಬೇಡ ಎನ್ನಲಿಲ್ಲ. ನಾಗನ ವಿಷಯ ಬಂದಾಗ ಮಾತ್ರ ಅಮ್ಮನಿಗೂ ನನಗೂ ನಾಲಗೆ ಬಿದ್ದುಹೋಗುತ್ತಿತ್ತು. ನಾನು ಒಂಬತ್ತು ವರ್ಷದವಳಿದ್ದಾಗ ಪಂಚಮಿಯ ದಿನ ಅಮ್ಮ ನನ್ನನ್ನು ಯಾರದೋ ಬನಕ್ಕೆ ಕರೆದುಕೊಂಡು ಹೋದಳು. ಕೈಯಲ್ಲಿ ಗಿಂಡಿ ಹಾಲು, ಒಂದು ಎಳನೀರು. ಭಟ್ಟರು ಕೇಳಿದರು, "ನಿಮ್ದು ಮೂಲ ಎಲ್ಲಿ ಅಮ್ಮಾ?" ತಂದೆಯ ಕುಟುಂಬದ ಮೂಲ ನಾಗಬನ ಯಾವುದು ಎಂದು ಅರ್ಥ. ಅಮ್ಮ ಗೊತ್ತಿಲ್ಲ ಎಂದಳು. ಅವಳಿಗೆ ಗೊತ್ತಿತ್ತು. ನಿಮ್ಮ ಬನ ನಮ್ಮ ಮನೆಯಿಂದ ಎರಡು ಬಸ್‌ಸ್ಟಾಪ್ ದೂರ. ಹಾಲು, ಎಳನೀರು ಎರಡನ್ನೂ ಗೋಡೆಯ ಹೊರಗೆ ಇಟ್ಟು ಬಂದೆವು. ದಾರಿಯುದ್ದಕ್ಕೂ ಅವಳು ನನ್ನ ಮುಖ ನೋಡಲಿಲ್ಲ.

ಅವಳು ಹೋಗಿ ಒಂದೂವರೆ ವರ್ಷವಾಯಿತು. ಹೆಸರು ಸೇರಿಸಲು ಅಕ್ಟೋಬರ್ ಕೊನೆಯವರೆಗೆ ಸಮಯ ಇದೆ ಎಂದು ನೀವೇ ಬರೆದಿದ್ದೀರಿ. ಇನ್ನೊಂದು ಸಾಲು ಬರೆಯಿರಿ: ಗ್ರೀಷ್ಮಾ, ಅನೂರಾಧಾ ನಕ್ಷತ್ರ, ಸಂಕಪ್ಪನ ಮಗಳು. ನಿಮ್ಮ ಮನೆ ಬೇಡ, ಆಸ್ತಿ ಬೇಡ, ಅತಿಥಿಗಳನ್ನು ಕೂರಿಸುವ ನಿಮ್ಮ ಮಜ್ಲಿಸ್‌ನಲ್ಲಿ ಒಂದು ಲೋಟ ಚಹಾ ಕೂಡ ಬೇಡ. ಈ ಒಂದು ಸಾಲು ಮಾತ್ರ ಬೇಕು. ನವೆಂಬರಿನಲ್ಲಿ ಊರಿಗೆ ಹೋಗಿ ಅದನ್ನು ಕಿವಿಯಾರೆ ಕೇಳಬೇಕು ಎಂದು ರಜೆ ಹಾಕಿದ್ದೇನೆ.

ಇತಿ,
ಗ್ರೀಷ್ಮಾ


ಅಲ್ ಗರಾಫಾ
19 ಆಗಸ್ಟ್ 2025

ಪ್ರೀತಿಯ ಗ್ರೀಷ್ಮಾ,

ನಿನ್ನ ಕಾಗದ ತಲುಪಿತು. ಲುಸೈಲ್‌ನಲ್ಲಿ ಒಂದು ಟವರ್‌ನ ಎಸಿ ಪೂರ್ತಿ ಕೈಕೊಟ್ಟು ಹತ್ತು ದಿನ ನಮ್ಮ ಕಂಪನಿಯ ಹುಡುಗರ ಜೊತೆ ನಾನೂ ಅಲ್ಲೇ ಇದ್ದೆ. ಹಾಗಾಗಿ ಉತ್ತರ ತಡವಾಯಿತು. ಬೇಕೆಂದು ಮಾಡಿದ್ದಲ್ಲ.

ನಿನ್ನ ಸಿಟ್ಟು ನ್ಯಾಯವಾದದ್ದು. ಇಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಕ್ಲಿನಿಕ್‌ಗೆ ಸಕ್ಕರೆ ಪರೀಕ್ಷೆಗೆ ಬಂದ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಬ್ಯಾಡ್ಜ್‌ನಲ್ಲಿ ಗ್ರೀಷ್ಮಾ ಪೂವಕ್ಕ ಎಂದು ಓದಿದೆ. ತಂದೆಯ ಹೆಸರು ಇರಬೇಕಾದ ಜಾಗದಲ್ಲಿ ಪೂವಕ್ಕನ ಹೆಸರು. ನೀನು ರಕ್ತಕ್ಕೆ ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಪರೀಕ್ಷೆಯನ್ನು ನಾನು ತಿಂಗಳು ತಿಂಗಳು ಮಾಡಿಸಿಕೊಂಡದ್ದು ಯಾಕೆ ಎಂದು ನಿನಗೆ ಗೊತ್ತು.

ಆದರೆ ಈಗ ಸಮಯ ಸರಿಯಿಲ್ಲ. ಕೃತಿಕ್‌ನ ಸಂಬಂಧ ಮಾತಾಡುತ್ತಿದ್ದಾರೆ, ಹುಡುಗಿಯ ಮನೆಯವರು ದೋಹಾದವರೇ. ಇಲ್ಲಿ ನನ್ನನ್ನು ಹಿರಿಯ ಎಂದು ನಾಲ್ಕು ಜನ ಮಾತು ಕೇಳುತ್ತಾರೆ. ಅಮಿತಾಳಿಗೆ ಹೇಗೆ ಹೇಳುವುದು? ಇಪ್ಪತ್ತೆಂಟು ವರ್ಷ ಅವಳು ನನ್ನ ಜೊತೆ ಬಾಳಿದ್ದಾಳೆ. ಪೂವಕ್ಕನ ವಿಷಯದಲ್ಲಿ ಆಗ ನನ್ನ ಮನೆಯವರು ಒಪ್ಪಲಿಲ್ಲ, ನಾನು ಇಲ್ಲಿಗೆ ಬಂದುಬಿಟ್ಟೆ. ಅವಳು ಬಸುರಿ ಎಂದು ಗೊತ್ತಿದ್ದೂ ಬಂದೆ. ಅದನ್ನೆಲ್ಲ ಈಗ ಕೆದಕಿ ಯಾರಿಗೆ ಸುಖ?

ಸ್ವಲ್ಪ ತಾಳು. ಕೃತಿಕ್‌ನ ಮದುವೆ ಒಂದು ಮುಗಿಯಲಿ. ನಿನ್ನ ಹೆಸರನ್ನು ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ, ನಾಗನಿಗೆ ಅದು ಕೇಳಿಸುತ್ತದೆ. ಸೆಪ್ಟೆಂಬರ್ ಇಪ್ಪತ್ತೈದರಿಂದ ಕುಟುಂಬದವರೆಲ್ಲ ನಲವತ್ತೆಂಟು ದಿನದ ವ್ರತ ಹಿಡಿಯುತ್ತೇವೆ. ಮೀನು, ಮಾಂಸ ಇಲ್ಲ. ಆರೋಗ್ಯ ನೋಡಿಕೋ.

ಇತಿ,
ಸಂಕಪ್ಪ


ಬಿನ್ ಮಹಮೂದ್
24 ಆಗಸ್ಟ್ 2025

ಸಂಕಪ್ಪನವರಿಗೆ,

ಮನಸ್ಸಿನಲ್ಲಿ ಹೇಳಿಕೊಳ್ಳುತ್ತೀರಂತೆ. ಕೃತಿಕ್‌ನ ಹೆಸರನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳಿ ಹಾಗಾದರೆ. ಅಮಿತಾರ ಹೆಸರನ್ನೂ. ಇಡೀ ಪಟ್ಟಿಯನ್ನೇ ಮನಸ್ಸಿನಲ್ಲಿ ಓದಿ ಮುಗಿಸಿ, ಭಟ್ಟರಿಗೆ ಗಂಟಲು ನೋವಾದರೂ ತಪ್ಪುತ್ತದೆ.

ಸಮಯ ಸರಿಯಿಲ್ಲ ಎಂಬ ಮಾತನ್ನು ಅಮ್ಮ ನಿಮ್ಮ ಬಾಯಿಂದ 1994ರಲ್ಲಿ ಕೇಳಿದ್ದಳು. ಕತಾರಿನ ವಿಮಾನ ಹಿಡಿಯಲು ನೀವು ಬಾಂಬೆಗೆ ಬಸ್ ಹತ್ತಿದ ದಿನ ಅವಳಿಗೆ ಏಳು ತಿಂಗಳು. ಅವಳು ಬೀಡಿ ಕಟ್ಟಿ ನನ್ನನ್ನು ಓದಿಸಿದಳು, ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನಾನು ಅವಳ ಹಾಗೆ ಅಲ್ಲ, ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಕಳೆದ ವರ್ಷ ಫೆಬ್ರವರಿಯಲ್ಲಿ ಅವಳು ಸತ್ತ ವಾರ ನೀವು ಮಂಗಳೂರಿನಲ್ಲೇ ಇದ್ದಿರಿ. ಲಾಯ್ಡ್ ನಿಮಗೆ ವಿಷಯ ತಿಳಿಸಿದ್ದಾಗಿ ನನಗೆ ಹೇಳಿದ. ನೀವು ಅಂಗಳದ ತನಕ ಬರುವುದು ಬೇಡ, ಗದ್ದೆಯ ಆಚೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಒಂದು ಸಲ ಇಳಿಯಬಹುದಿತ್ತು. ನಾನು ಮೂರು ದಿನ ಆ ರಸ್ತೆ ನೋಡಿದೆ.

ನವೆಂಬರಿನ ರಜೆ ಇವತ್ತು ಬದಲಾಯಿಸಿದೆ. ಗೋಡೆಯ ಹೊರಗೆ ನಿಲ್ಲಲು ನಾನು ಊರಿಗೆ ಹೋಗುವುದಿಲ್ಲ. ಅಕ್ಟೋಬರಿನಲ್ಲಿ ನಮ್ಮ ಕ್ಲಿನಿಕ್‌ನ ಬುವಾ ಜೊತೆ ಅವಳ ಊರಿಗೆ ಹೋಗುತ್ತೇನೆ. ಬುವಾ ಫಿಸಿಯೋಥೆರಪಿ ವಿಭಾಗದವಳು, ಥಾಯ್ಲೆಂಡಿನವಳು. ಮೆಕಾಂಗ್ ನದಿಯ ದಡದಲ್ಲಿ ಅವಳ ಮನೆ. ಅಲ್ಲಿ ಬೌದ್ಧರ ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆಯಂದು ನಾಗನ ಹಬ್ಬವಂತೆ. ನಿಮ್ಮ ಮೂಲ ಯಾವುದು ಎಂದು ಅಲ್ಲಿ ಕೇಳುತ್ತಾರೋ ಎಂದು ವಿಚಾರಿಸಿದೆ. ಬುವಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಗ್ರೀಷ್ಮಾ


ಅಲ್ ಗರಾಫಾ
11 ಅಕ್ಟೋಬರ್ 2025

ಗ್ರೀಷ್ಮಾ,

ಇಷ್ಟು ದಿನ ನೀನು ಬೈದದ್ದನ್ನು ತಲೆ ತಗ್ಗಿಸಿ ಓದಿದೆ. ಇವತ್ತು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಲಾಯ್ಡ್ ಫೇಸ್‌ಬುಕ್‌ನಲ್ಲಿ ನಿನ್ನ ಫೋಟೊ ತೋರಿಸಿದ. ಆ ನದಿಯ ದಂಡೆಯಲ್ಲಿ, ಬಾಳೆಎಲೆಯಲ್ಲಿ ಮಾಡಿದ ನಾಗನ ಪಕ್ಕದಲ್ಲೇ, ಕೋಲಿಗೆ ಚುಚ್ಚಿದ ಸುಟ್ಟ ಮೀನು ಹಿಡಿದು ನಗುತ್ತಿದ್ದೀಯ. ಬಾಯಲ್ಲೂ ಮೀನು. ಇಲ್ಲಿ ನಾವೆಲ್ಲ ಇಪ್ಪತ್ತೈದನೇ ತಾರೀಕಿನಿಂದ ಮೀನು ಮುಟ್ಟಿಲ್ಲ. ಅಮಿತಾ ಅಡುಗೆಯ ಪಾತ್ರೆಗಳನ್ನೇ ಬದಲಾಯಿಸಿದ್ದಾಳೆ. ಕೃತಿಕ್ ಆಫೀಸಿನ ಪಾರ್ಟಿಯಲ್ಲಿ ಬರೀ ಸಲಾಡ್ ತಿಂದು ಬಂದ. ಕುಟುಂಬದಲ್ಲಿ ಒಬ್ಬರು ತಪ್ಪಿದರೂ ದೋಷ ಎಲ್ಲರಿಗೂ ಎಂದು ನಿನಗೆ ಗೊತ್ತಿಲ್ಲವೆ? ನಾಗನ ಎದುರು ಮೀನು ತಿನ್ನುವ ಧೈರ್ಯ ನಿನಗೆ ಎಲ್ಲಿಂದ ಬಂತು? ಆ ಜನರ ಪದ್ಧತಿ ಅವರಿಗೆ ಇರಲಿ, ನಮ್ಮ ನಾಗ ಅಂಥದ್ದನ್ನು ಸಹಿಸುವವನಲ್ಲ.

ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೋ. ನಾಗನ ಜೊತೆ ಆಟ ಆಡಬೇಡ. ಇನ್ನು ಪ್ರತಿಷ್ಠೆಯವರೆಗೆ ಮೀನು ಮುಟ್ಟುವುದಿಲ್ಲ ಎಂದು ಬರೆದು ಕಳಿಸು.

ಸಂಕಪ್ಪ


ಬಿನ್ ಮಹಮೂದ್
16 ಅಕ್ಟೋಬರ್ 2025

ಸಂಕಪ್ಪನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದು ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ಕುಟುಂಬದಲ್ಲಿ ಒಬ್ಬರು ತಪ್ಪಿದರೂ ದೋಷ ಎಲ್ಲರಿಗೂ ಎಂದು ಬರೆದಿದ್ದೀರಿ. ಆ ಒಬ್ಬರು ಯಾರು? ನಾನು ತಾನೆ? ಪಟ್ಟಿ ಮಾಡುವಾಗ ನಾನು ಕುಟುಂಬದವಳಲ್ಲ. ಮೀನು ತಿಂದಾಗ ಕುಟುಂಬದವಳಾಗಿಬಿಟ್ಟೆ. ಬ್ಯಾಂಕಾಕ್‌ನಿಂದ ಬರುವಾಗ ವಿಮಾನದಲ್ಲೂ ಮೀನು ತಿಂದೆ, ನಿನ್ನೆ ಇಲ್ಲಿ ಬಂಗುಡೆ ಪುಳಿಮುಂಚಿ ಮಾಡಿದೆ. ನನ್ನಿಂದ ಕೃತಿಕ್‌ಗೆ ದೋಷ ತಟ್ಟುವುದಾದರೆ ಅವನು ನನಗೆ ತಮ್ಮ. ಅದನ್ನು ಅವನಿಗೆ ಹೇಳಿ, ನಾಳೆಯಿಂದಲೇ ಬಿಡುತ್ತೇನೆ.

ಹಬ್ಬದ ಬಗ್ಗೆಯೂ ಹೇಳುತ್ತೇನೆ, ಆ ಜನ ಎಂಥವರು ಎಂದು ನಿಮಗೆ ತಿಳಿಯಲಿ. ಊರಿನ ಹೆಸರು ಫೋನ್ ಫಿಸಾಯ್. ನದಿ ನಮ್ಮ ಕಡೆಯ ಯಾವ ಹೊಳೆಗಿಂತಲೂ ಅಗಲ, ಕೆಂಪು ನೀರು, ಆಚೆ ದಡ ಲಾವೋಸ್ ದೇಶ. ಮಧ್ಯಾಹ್ನದಿಂದಲೇ ಜನ ಚಾಪೆ ಹಾಸಿ ಜಾಗ ಹಿಡಿಯುತ್ತಾರೆ. ಅಂಟಿನ ಅನ್ನ, ಉಪ್ಪು ಮೆತ್ತಿ ಸುಟ್ಟ ಮೀನು, ಮಕ್ಕಳ ಅಳು, ಮೈಕಿನಲ್ಲಿ ಭಿಕ್ಷುಗಳ ಮಂತ್ರ, ಎಲ್ಲ ಒಟ್ಟಿಗೆ. ಹೆಂಗಸರು ಬಾಳೆಎಲೆಯನ್ನು ಮಡಚಿ ಮಡಚಿ ಹೆಡೆ ಎತ್ತಿದ ನಾಗನನ್ನು ಮಾಡುತ್ತಾರೆ. ನನಗೂ ಒಂದು ಎಲೆ ಕೊಟ್ಟರು. ಮುಟ್ಟಬಹುದೇ ಎಂದು ಕೇಳಿದೆ. ಮುಟ್ಟದೆ ಮಡಚುವುದು ಹೇಗೆ ಎಂದು ಅವರು ನಕ್ಕರು.

ಬುದ್ಧ ಆ ಮಳೆಗಾಲದ ಮೂರು ತಿಂಗಳು ಸ್ವರ್ಗಕ್ಕೆ ಹೋಗಿದ್ದನಂತೆ, ಸತ್ತ ತಾಯಿಗೆ ಧರ್ಮ ಹೇಳಲು. ಅವನನ್ನು ಹೆತ್ತ ಏಳನೆಯ ದಿನಕ್ಕೇ ತೀರಿಕೊಂಡವಳು. ಅವಳನ್ನು ಹುಡುಕಿಕೊಂಡು ಅಲ್ಲಿಯವರೆಗೆ ಹೋದ. ಅವನು ಭೂಮಿಗೆ ಇಳಿದು ಬಂದ ದಿನ, ನದಿಯ ತಳದಲ್ಲಿರುವ ನಾಗರಾಜ ಸಂತೋಷಕ್ಕೆ ನೀರಿನಿಂದ ಬೆಂಕಿಯ ಉಂಡೆಗಳನ್ನು ಉಗುಳಿದ. ಈಗಲೂ ಪ್ರತಿ ವರ್ಷ ಉಗುಳುತ್ತಾನೆ ಎಂಬುದು ಅವರ ನಂಬಿಕೆ. ಬುವಾ ಇದನ್ನು ಹೇಳುವಾಗ ನಾನು ಆ ರಸ್ತೆಯನ್ನೇ ನೆನೆಯುತ್ತಿದ್ದೆ, ಮೂರು ದಿನ ನೋಡಿದ ರಸ್ತೆ. ನೀವು ಎರಡು ಬಸ್‌ಸ್ಟಾಪ್ ಬರಲಿಲ್ಲ.

ಅವರ ಇನ್ನೊಂದು ಕತೆ ಕೇಳಿ. ಒಬ್ಬ ನಾಗನಿಗೆ ಭಿಕ್ಷುವಾಗಬೇಕು ಎಂದು ಆಸೆ. ಮನುಷ್ಯನ ರೂಪ ಹಾಕಿ ಸಂಘಕ್ಕೆ ಸೇರಿದ. ನಿದ್ದೆಯಲ್ಲಿ ಅವನ ನಿಜರೂಪ ಕಂಡುಬಿಟ್ಟಿತು. ನೀನು ಮನುಷ್ಯನಲ್ಲ, ಇಲ್ಲಿ ಇರುವಂತಿಲ್ಲ ಎಂದು ಬುದ್ಧ ಹೇಳಿದ. ಹಾಗಾದರೆ ನನ್ನ ಹೆಸರನ್ನಾದರೂ ಒಳಗೆ ಇಟ್ಟುಕೊಳ್ಳಿ ಎಂದು ಅವನು ಬೇಡಿಕೊಂಡ. ಅದಕ್ಕೇ ಅಲ್ಲಿ ಭಿಕ್ಷುವಾಗಲು ಬರುವ ಪ್ರತಿಯೊಬ್ಬ ಹುಡುಗನನ್ನೂ ದೀಕ್ಷೆ ಆಗುವ ತನಕ ನಾಗ ಎಂದೇ ಕರೆಯುತ್ತಾರಂತೆ. ಬುವಾ ಕಣ್ಣು ಒದ್ದೆ ಮಾಡಿಕೊಂಡು ಹೇಳಿದಳು. ಆ ನಾಗನನ್ನು ಸೇರಿಸಿಕೊಂಡಿದ್ದರೆ ಬುದ್ಧನ ಗಂಟೇನು ಹೋಗುತ್ತಿತ್ತು ಎಂದು ನಾನು ಜಗಳಕ್ಕೆ ನಿಂತೆ. ಬುದ್ಧನ ಹತ್ತಿರವೂ ಜಗಳ ಕಾಯುವವಳು ನೀನೊಬ್ಬಳೇ ಎಂದು ಅವಳು ಬೈದಳು. ಆದರೆ ಅವನು ಹೆಸರನ್ನಾದರೂ ಇಟ್ಟುಕೊಂಡ, ಸಂಕಪ್ಪನವರೇ. ಬಾಗಿಲು ಹಾಕಿದ್ದನ್ನು ಒಪ್ಪಿಕೊಂಡು, ಎಲ್ಲರೆದುರು ಅವನ ಹೆಸರು ಹೇಳಿಸಿದ.

ಕತ್ತಲಾಗುವ ಮೊದಲು ಬುವಾಳ ಅಜ್ಜಿ ನನ್ನ ಕೈಗೆ ಬಿಳಿ ನೂಲು ಕಟ್ಟಿದಳು. ಕಟ್ಟುವಾಗ ಹೆಸರು ಹೇಳಿ, ಯಾರ ಮಗಳು ಎಂದೂ ಹೇಳಬೇಕು. ಆ ಪ್ರಶ್ನೆ ಇಲ್ಲಿಯೂ ಬಂತಲ್ಲ ಎಂದುಕೊಂಡು ಪೂವಕ್ಕನ ಮಗಳು ಎಂದೆ. ಅಜ್ಜಿ ಮುಂದೆ ಏನೂ ಕೇಳಲಿಲ್ಲ. ಪುವಾಕ, ಪುವಾಕ ಎಂದು ನದಿಯ ಕಡೆ ತಿರುಗಿ ಗಟ್ಟಿಯಾಗಿ ಎರಡು ಸಲ ಕರೆದಳು. ಪಕ್ಕದ ಚಾಪೆಯವರೂ ದನಿಗೂಡಿಸಿದರು. ಬೀಡಿ ಎಲೆಯ ಸೂಪು, ಆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಆಯುಷ್ಯ ಕಳೆದ ನನ್ನ ಅಮ್ಮನ ಹೆಸರನ್ನು ಗುರುತು ಪರಿಚಯ ಇಲ್ಲದ ಜನ ನದಿಯ ಎದುರು ಕೂಗಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ದುಃಖಕ್ಕೆ ಎಂದುಕೊಂಡು ಅಜ್ಜಿ ನನ್ನ ತಲೆ ಸವರಿದಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಟ್ಟೇ ಇತ್ತು.

ಆಮೇಲೆ ಉಂಡೆಗಳು ಎದ್ದವು. ಕೆಂಪು, ದಾಳಿಂಬೆ ಕಾಳಿನ ಬಣ್ಣ. ಹೊಗೆ ಇಲ್ಲ, ಸದ್ದಿಲ್ಲ. ನೀರಿನಿಂದ ನೆಟ್ಟಗೆ ಮೇಲೆ ಹೋಗಿ ಆರಿಹೋಗುತ್ತಿದ್ದವು. ನೆಲದಡಿಯ ಗಾಳಿ ಎನ್ನುವವರಿದ್ದಾರೆ, ಆಚೆ ದಡದಿಂದ ಯಾರೋ ಹಾರಿಸುವುದು ಎನ್ನುವವರೂ ಇದ್ದಾರೆ. ಬುವಾಳ ಅಜ್ಜಿ ಅದನ್ನೆಲ್ಲ ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾನು ಹದಿನೇಳು ನೋಡಿದೆ.

ಅಕ್ಟೋಬರ್ ಮುಗಿಯಲು ಇನ್ನು ಹದಿನೈದು ದಿನ ಇದೆ. ನನ್ನ ಸಾಲು ಬರೆದಿದ್ದೀರಾ?

ಪೂವಕ್ಕನ ಮಗಳು
ಗ್ರೀಷ್ಮಾ


ಅಲ್ ಗರಾಫಾ
26 ಅಕ್ಟೋಬರ್ 2025

ಗ್ರೀಷ್ಮಾ,

ಈ ಸಲ ಸಿಟ್ಟಿಗೆ ಶಕ್ತಿ ಇಲ್ಲ. ಹೆದರಿಕೆ ಹಿಡಿದಿದೆ.

ಊರಿನಲ್ಲಿ ಶಿಲ್ಪಿ ಹೊಸ ನಾಗನ ಕಲ್ಲು ಕೆತ್ತುವಾಗ ಹೆಡೆ ಬಿರುಕು ಬಿಟ್ಟಿತು. ಬೇರೆ ಕಲ್ಲು ತಂದರು. ಅದೂ ಅದೇ ಜಾಗದಲ್ಲಿ ಬಿರುಕು. ಜೋಯಿಸರನ್ನು ಕೂರಿಸಿ ಪ್ರಶ್ನೆ ಇಡಿಸಿದರು. ಕವಡೆ ಎಣಿಸಿ ಅವರು ಹೇಳಿದ್ದು, ಕುಟುಂಬದ ಒಂದು ತಲೆ ಬಿಟ್ಟುಹೋಗಿದೆ, ಅದೂ ಹೆಣ್ಣು, ಸಮುದ್ರದ ಆಚೆ ಇದ್ದಾಳೆ, ಅವಳನ್ನು ಸೇರಿಸದೆ ನಾಗ ಕೂರುವುದಿಲ್ಲ ಎಂದು. ಫೋನಿನ ಸ್ಪೀಕರಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ಪೂವಕ್ಕನ ವಿಷಯ ಗೊತ್ತಿದ್ದ ಹಿರಿಯರು ಯಾರೂ ಈಗ ಉಳಿದಿಲ್ಲ, ಯಾರು, ಯಾರು ಎಂದು ಕೂಗಾಟ. ನಾನು ನೀರು ಕುಡಿಯುವ ನೆವದಲ್ಲಿ ಎದ್ದು ಹೋದೆ.

ಮೂರು ರಾತ್ರಿ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದೇನೆ, ಸಮಾಧಾನದಿಂದ ಓದು. ನನಗೆ ತನಿಯ ಎಂಬ ತಮ್ಮ ಇದ್ದ. ಮದುವೆಯಾಗದೆ 1999ರಲ್ಲಿ ಪಡುಬಿದ್ರೆ ಹೆದ್ದಾರಿಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ನಿನ್ನನ್ನು ತನಿಯನ ಮಗಳು ಎಂದು ಬರೆಸುತ್ತೇನೆ. ನಾಗನಿಗೆ ಮೂಲ ಮುಖ್ಯ, ಅವನಿಗೂ ನನಗೂ ಮೂಲ ಒಂದೇ. ನಿನ್ನ ಹೆಸರು ಗಟ್ಟಿಯಾಗಿ ಓದುತ್ತಾರೆ, ನಿನಗೆ ಬೇಕಾದದ್ದೂ ಅದೇ ಅಲ್ಲವೆ? ತನಿಯನಿಗೆ ಹೆಂಡತಿ ಮಕ್ಕಳಿಲ್ಲ, ಅವನನ್ನು ಯಾರೂ ಕೇಳುವುದಿಲ್ಲ. ಎಲ್ಲರ ಮನೆಯೂ ಉಳಿಯುತ್ತದೆ.

ಒಪ್ಪಿಕೋ. ಕೈ ಮುಗಿಯುತ್ತೇನೆ.

ಸಂಕಪ್ಪ


ಬಿನ್ ಮಹಮೂದ್
28 ಅಕ್ಟೋಬರ್ 2025

ಸಂಕಪ್ಪನವರಿಗೆ,

ಬೇಡ.

ನಿಮ್ಮ ಕಾಗದವನ್ನು ಹರಿದು ಎಸೆಯಬೇಕು ಎಂದುಕೊಂಡವಳು, ಇಂಥದ್ದನ್ನೂ ಒಬ್ಬ ಮನುಷ್ಯ ಬರೆಯಬಲ್ಲ ಎಂಬುದಕ್ಕೆ ಸಾಕ್ಷಿ ಇರಲಿ ಎಂದು ಎತ್ತಿಟ್ಟೆ. ಅಮ್ಮ ಮೂವತ್ತು ವರ್ಷ ಊರವರೆದುರು ನಿಮ್ಮ ಹೆಸರು ಬಾಯಿ ಬಿಡದೆ, ಅವರ ಮಾತು ಕೇಳಿಕೊಂಡು ಬದುಕಿದಳು. ಅವಳನ್ನು ಈಗ ಅಣ್ಣನಿಂದ ತಮ್ಮನಿಗೆ ವರ್ಗಾಯಿಸುತ್ತೀರಿ, ಅದೂ ಅವಳೂ ಆ ತಮ್ಮನೂ ಸತ್ತ ಮೇಲೆ, ಇಬ್ಬರೂ ಎದ್ದು ಬಂದು ಇಲ್ಲ ಎನ್ನುವ ಹಾಗಿಲ್ಲದಾಗ. ಈ ಯೋಚನೆಗೆ ನಿಮಗೆ ಮೂರು ರಾತ್ರಿ ಬೇಕಾಯಿತೆ?

ತನಿಯ ನನಗೆ ಗೊತ್ತಿಲ್ಲದವರು ಎಂದುಕೊಂಡಿರಿ. ನಾನು ಹುಟ್ಟಿದಾಗ ನಿಮ್ಮ ಮನೆಯಿಂದ ನೋಡಲು ಬಂದವರು ಅವರೊಬ್ಬರೇ. ಹಳದಿ ಫ್ರಾಕ್ ತಂದಿದ್ದರಂತೆ. ನಿಮ್ಮ ಪರವಾಗಿ ಅಮ್ಮನ ಹತ್ತಿರ ಕ್ಷಮೆ ಕೇಳಿ, ಬಾಗಿಲಲ್ಲೇ ನಿಂತು ಅತ್ತರಂತೆ. ಅಮ್ಮ ಅವರನ್ನು ತಮ್ಮಾ ಎನ್ನುತ್ತಿದ್ದಳು. ಆ ಮನುಷ್ಯನ ತಲೆಗೆ ಇದನ್ನು ಕಟ್ಟುತ್ತೀರಾ?

ನನ್ನ ಹೆಸರು ಬರೆಯುವುದಾದರೆ ನನ್ನ ತಂದೆಯ ಹೆಸರಿನ ಜೊತೆ ಬರೆಯಿರಿ. ಅದು ಆಗದಿದ್ದರೆ ಬಿಡಿ, ಖಲಾಸ್. ಕಲ್ಲು ಒಡೆದರೆ ಒಡೆಯಲಿ.

ಗ್ರೀಷ್ಮಾ


ಅಲ್ ಗರಾಫಾ
13 ನವೆಂಬರ್ 2025

ಗ್ರೀಷ್ಮಾಳಿಗೆ ಅಮಿತಾ ದೊಡ್ಡಮ್ಮ ಮಾಡುವ ಆಶೀರ್ವಾದ.

ನಿನಗೆ ನನ್ನ ಪರಿಚಯ ಇಲ್ಲ. ನಿನ್ನೆ ಟಿವಿಯಲ್ಲಿ ಪೂಜೆ ನೋಡುವಾಗ ಭಟ್ಟರು ಕೊನೆಯಲ್ಲಿ ನಿನ್ನ ಹೆಸರಿಗೆ ಬಂದು ನಿಂತರು. ತಂದೆಯ ಹೆಸರೇ ಇರಲಿಲ್ಲ. "ಸಂಕಪ್ಪಣ್ಣ, ಇದು ಯಾರ ಮಗಳು ಬರೀಲಿಲ್ಲ ಅಲ್ಲ ನೀವು?" ಎಂದು ಅಲ್ಲಿಂದಲೇ ಫೋನಿನಲ್ಲಿ ಕೇಳಿದರು. ಹಾಲ್ ತುಂಬ ಜನ, ಕೃತಿಕ್‌ಗೆ ನೋಡಿದ ಹುಡುಗಿಯ ಮನೆಯವರೂ ಇದ್ದರು. ಇವರು ಒಂದು ಸಲ ಎಲ್ಲರ ಮುಖ ನೋಡಿ, "ತನಿಯನ ಮಗಳು" ಎಂದರು. ಭಟ್ಟರು ಹಾಗೆಯೇ ಓದಿದರು. ಇವರ ಕಣ್ಣಲ್ಲಿ ಧಾರಾಕಾರ ನೀರು. ತಮ್ಮನ ನೆನಪು ಬಂದಿರಬೇಕು.

ಎಲ್ಲರೂ ಹೋದ ಮೇಲೆ ನಾನು ಚೆನ್ನಾಗಿ ಬೈದೆ. ತಮ್ಮನ ಮಗಳು ಇದೇ ದೋಹಾದಲ್ಲಿ ಒಂಟಿಯಾಗಿ ದುಡಿಯುತ್ತಿರುವಾಗ ಒಂದು ಹಬ್ಬಕ್ಕೂ ಮನೆಗೆ ಕರೆಯದವರು ನೀವೆಂಥ ದೊಡ್ಡಪ್ಪ ಎಂದು ಕೇಳಿದೆ. ನಿನ್ನ ನಂಬರ್ ಗೊತ್ತಿಲ್ಲವಂತೆ, ಲಾಯ್ಡ್‌ನ ಕೈಯಲ್ಲಿ ಕಾಗದ ಕೊಟ್ಟರೆ ಸಿಗಬಹುದು ಎಂದರು. ನಿನ್ನ ತಾಯಿಯ ವಿಷಯ, ಮದುವೆಯ ವಿಷಯ ನಾನು ಏನೂ ಕೇಳುವುದಿಲ್ಲ. ಮಕ್ಕಳು ಏನು ತಪ್ಪು ಮಾಡಿದ್ದಾರೆ?

ಬರುವ ವಾರದ ಶುಕ್ರವಾರ, ಇಪ್ಪತ್ತೊಂದಕ್ಕೆ ಮಧ್ಯಾಹ್ನ ಊಟಕ್ಕೆ ಬಾ. ವ್ರತ ಮುಗಿಯಿತು, ಮೀನು ಮಾಡುತ್ತೇನೆ. ಇನ್ನು ಪ್ರತಿ ಶುಕ್ರವಾರ ನಿನ್ನ ಊಟ ಇಲ್ಲೇ.

ಅಮಿತಾ


ಅಲ್ ಗರಾಫಾ
15 ನವೆಂಬರ್ 2025

ಗ್ರೀಷ್ಮಾ,

ಅಮಿತಾ ನಿನಗೆ ಬರೆದಿದ್ದಾಳೆ ಎಂದು ಲಾಯ್ಡ್ ಹೇಳಿದ. ದಯವಿಟ್ಟು ಬರಬೇಡ. ಡ್ಯೂಟಿ ಇದೆ ಎಂದು ಹೇಳು, ಹುಷಾರಿಲ್ಲ ಎಂದು ಹೇಳು.

ಮೂರನೆಯ ಕಲ್ಲು ಒಡೆಯದೆ ನಿಂತಿತು. ನಿನ್ನ ಹೆಸರನ್ನು ತಂದೆಯ ಹೆಸರಿಲ್ಲದೆ ಕಳಿಸಿದರೆ ಭಟ್ಟರು ಹಾಗೆಯೇ ಓದಿ ಮುಂದೆ ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿಯೇಬಿಟ್ಟರು. ನನ್ನ ಮಗಳು ಎಂಬ ಮಾತು ಗಂಟಲಿನವರೆಗೆ ಬಂತು, ನಾಗನ ಮೇಲಾಣೆ ಬಂತು. ಮೂವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೊರಗೆ ಬಂದದ್ದು ಬೇರೆ.

ನೀನು ಇಲ್ಲಿಗೆ ಬಂದು ನನ್ನ ಎದುರು ಕುಳಿತರೆ ನನ್ನಿಂದ ತಡೆಯಲು ಆಗುವುದಿಲ್ಲ. ನಿನ್ನ ಹಣೆ ನನ್ನ ಹಣೆ. ಅಮಿತಾ ಕುರುಡಿ ಅಲ್ಲ.

ನಿನ್ನ ಅಪ್ಪ


ಬಿನ್ ಮಹಮೂದ್
17 ನವೆಂಬರ್ 2025

ದೊಡ್ಡಪ್ಪನವರಿಗೆ,

ಕಾಗದದ ಕೊನೆಯಲ್ಲಿ ಒಂದು ಶಬ್ದ ತಪ್ಪಾಗಿ ಬಿದ್ದಿದೆ, ಹೊಡೆದುಹಾಕಿದ್ದೇನೆ. ನನ್ನ ಅಪ್ಪ 1999ರಲ್ಲಿ ಪಡುಬಿದ್ರೆ ಹೆದ್ದಾರಿಯಲ್ಲಿ ತೀರಿಕೊಂಡರು. ನಾಗನ ಎದುರು, ಮೂವತ್ತು ಜನರ ಎದುರು ಓದಿಸಿದವರು ನೀವೇ, ಇನ್ನು ನಾನಾಗಲಿ ನೀವಾಗಲಿ ಅದನ್ನು ತಿದ್ದುವ ಹಾಗಿಲ್ಲ. ಬಾಯಿ ತೆರೆಯಲು ನಿಮಗೆ ಎಲ್ಲರೆದುರು ಹೊತ್ತು ಸಿಕ್ಕಿತು, ತೆರೆದಿರಿ ಕೂಡ. ಈಗ ಮುಚ್ಚಿದ ಲಕೋಟೆಯೊಳಗೆ ಲಾಯ್ಡ್‌ನ ಕೈಯಲ್ಲಿ ಅಪ್ಪ ಎಂದು ಬರೆದು ಕಳಿಸಿದ್ದೀರಿ. ಆ ಅಪ್ಪ ನನಗೆ ಬೇಡ.

ನಿಮ್ಮ ಹೆದರಿಕೆಗೆ ಕಾರಣವಿಲ್ಲ. ನಾನು ಯಾರಿಗೂ ಏನೂ ಹೇಳುವುದಿಲ್ಲ. ದೊಡ್ಡಮ್ಮ ಒಳ್ಳೆಯವರ ಹಾಗೆ ಕಾಣುತ್ತಾರೆ, ಅವರ ಅನ್ನ ಉಂಡು ಅವರ ಮನೆ ಕೆಡಿಸುವವಳು ನಾನಲ್ಲ. ಅವರಾಗಿ ನನ್ನ ಹಣೆ ನೋಡಿ ಕೇಳಿದರೆ, ದೊಡ್ಡಪ್ಪನ ಹಣೆ ಅಪ್ಪನಿಗೂ ಇತ್ತಂತೆ ಎನ್ನುತ್ತೇನೆ.

ಆದರೆ ಬರುತ್ತೇನೆ. ಈ ಶುಕ್ರವಾರ ಬರುತ್ತೇನೆ, ಮುಂದಿನ ಶುಕ್ರವಾರವೂ ಬರುತ್ತೇನೆ. ಕೃತಿಕ್‌ನ ಮದುವೆಗೆ ಬಂದು ಅಕ್ಕನ ಜಾಗದಲ್ಲಿ ನಿಲ್ಲುತ್ತೇನೆ. ಮುಂಬಾಗಿಲಿನಿಂದ ಬಂದು, ಹಾಲ್‌ನಲ್ಲಿ ನಿಮ್ಮ ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. ಹೇಗಿದ್ದೀರಿ ದೊಡ್ಡಪ್ಪ ಎಂದು ಕೇಳುತ್ತೇನೆ. ಮೀನು ಬಡಿಸಲೇ ದೊಡ್ಡಪ್ಪ ಎನ್ನುತ್ತೇನೆ. ನಿಮ್ಮ ಕೂದಲು ಪೂರ್ತಿ ಬೆಳ್ಳಗಾಗುವ ತನಕ, ನಿಮ್ಮನ್ನು ಎತ್ತಿ ಕೂರಿಸಬೇಕಾದ ಕಾಲ ಬರುವ ತನಕ, ಬೇರೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ನಾನು ಕರೆದಾಗಲೆಲ್ಲ ನೀವು ಓಗೊಡಬೇಕು.

ನಿಮ್ಮ ತಮ್ಮನ ಮಗಳು
ಗ್ರೀಷ್ಮಾ